ಒಂದೂವರೆ ವರ್ಷದ ಮಗುವಿನೊಂದಿಗೆ ಹ್ಯಾವ್‌ಲಾಕ್ ದ್ವೀಪದಲ್ಲಿ ಎಲ್ಲಿ ತಂಗುವುದು ಒಳ್ಳೆಯದು?

ಜನವರಿಯಲ್ಲಿ ಬೆಂಗಳೂರಿನಿಂದ ಒಂದೂವರೆ ವರ್ಷದ ಮಗಳನ್ನು ಕರೆದುಕೊಂಡು ಐದು ರಾತ್ರಿಗಳ ಮಟ್ಟಿಗೆ ಅಂಡಮಾನ್‌ಗೆ ಹೊರಟಿದ್ದೀರಿ. ನಿಮ್ಮ ಯಜಮಾನರಿಗೆ ರಾಧಾನಗರ ಕಡಲತೀರದ ಬಳಿಯ ದುಬಾರಿ ರೆಸಾರ್ಟ್ ಮನಸ್ಸಿಗೆ ಬಂದಿದೆ, ನಿಮಗೆ ಗೋವಿಂದನಗರದಲ್ಲಿ ಅದರ ಅರ್ಧ ದರಕ್ಕೆ ಬಾಗಿಲು ತೆರೆದರೆ ಸಮುದ್ರವೇ ಕಾಣುವ ಕಾಟೇಜ್ ಸಿಕ್ಕಿದೆ. ಇವೆರಡರಲ್ಲಿ ಮಗುವಿಗೆ ಯಾವುದು ಸರಿ ಎಂಬುದು ನಿಮ್ಮ ಪ್ರಶ್ನೆ. ನಮ್ಮ ಮಗನಿಗೆ ಎರಡು ತುಂಬುವ ಮೊದಲು ನಾವೂ ಇದೇ ದ್ವೀಪದಲ್ಲಿ ತಂಗಿದ್ದೆವು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಮುಂದಿರುವ ಎರಡು ಆಯ್ಕೆಗಳಿಗಿಂತ ವಿಜಯನಗರದ ಕಡೆ, ನೀರಿನ ಅಂಚಿನಿಂದ ಸ್ವಲ್ಪ ಹಿಂದೆ, ನೆರಳಿನಲ್ಲಿರುವ ನೆಲಮಟ್ಟದ ಕೋಣೆಯೊಂದನ್ನು ಹುಡುಕುವುದು ಒಳ್ಳೆಯದು ಎಂದು ನಾನು ಭಾವಿಸುತ್ತೇನೆ. ಏಕೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನೀವು ಬೇರೆ ಜಾಗವನ್ನೇ ಆರಿಸಿಕೊಂಡರೂ ನೋಡಬೇಕಾದ ಅಂಶಗಳು ಇವೇ.

ಮೊದಲು ತೀರವನ್ನು ಆರಿಸಿಕೊಂಡು ಆಮೇಲೆ ಕೋಣೆಯನ್ನು ಆರಿಸಬೇಕು. 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರು ಬದಲಾಗಿದ್ದರೂ ಎಲ್ಲರೂ ಈಗಲೂ ಹ್ಯಾವ್‌ಲಾಕ್ ಎಂದೇ ಕರೆಯುವ ಈ ದ್ವೀಪದಲ್ಲಿ ಊರುಗಳನ್ನು ನಂಬರಿನಿಂದ ಗುರುತಿಸುವ ರೂಢಿಯಿದೆ. ಮಾರುಕಟ್ಟೆಯಿರುವ ಗೋವಿಂದನಗರ ಮೂರನೇ ನಂಬರ್, ವಿಜಯನಗರ ಐದನೇ ನಂಬರ್, ರಾಧಾನಗರ ಏಳನೇ ನಂಬರ್. ಮೂರು ಮತ್ತು ಐದು ಪೂರ್ವ ದಂಡೆಯಲ್ಲಿವೆ, ಹೆಚ್ಚಿನ ವಸತಿಗಳಿರುವುದೂ ಅಲ್ಲಿಯೇ. ಏಳನೆಯದು ಪಶ್ಚಿಮ ದಂಡೆಯಲ್ಲಿ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿದೆ. ಈ ಎರಡು ದಂಡೆಗಳ ಸ್ವಭಾವ ಸಂಪೂರ್ಣ ಬೇರೆ.

ಪೂರ್ವ ದಂಡೆಯಲ್ಲಿ ಸಮುದ್ರದ ತಳ ಬಹಳ ಸಮತಟ್ಟಾಗಿದೆ. ಉಬ್ಬರದ ಹೊತ್ತಿನಲ್ಲಿ ನೀರು ಕಾಟೇಜುಗಳ ಅಂಗಳದ ತನಕ ಬಂದು ತಿಳಿಹಸಿರು ಬಣ್ಣದಲ್ಲಿ ನಿಂತಿರುತ್ತದೆ. ವಸತಿಗಳವರು ತಮ್ಮ ಜಾಲತಾಣದಲ್ಲಿ ಹಾಕುವ ಚಿತ್ರ ಸಾಮಾನ್ಯವಾಗಿ ಆ ಹೊತ್ತಿನದು. ಇಳಿತದ ಹೊತ್ತಿನಲ್ಲಿ ಅದೇ ನೀರು ಬಹು ದೂರ ಹಿಂದಕ್ಕೆ ಸರಿದು, ಸತ್ತ ಹವಳದ ತುಂಡುಗಳೂ ಬಂಡೆಗಳೂ ಕೆಸರೂ ಬೆರೆತ ಬಯಲೊಂದು ತೆರೆದುಕೊಳ್ಳುತ್ತದೆ. ದೊಡ್ಡವರಿಗೆ ಅದನ್ನು ನೋಡುತ್ತ ನಡೆಯುವುದೇ ಒಂದು ಸಂತೋಷ, ಆದರೆ ಆಗಷ್ಟೇ ನಡಿಗೆ ಕಲಿತು ಹತ್ತು ಹೆಜ್ಜೆಗೊಮ್ಮೆ ಬೀಳುವ ಮಗುವಿಗೆ ಹವಳದ ಮೊನೆ ಚಾಕುವಿನಂತೆ ತಾಗುತ್ತದೆ, ಮತ್ತು ಹವಳದಿಂದಾದ ಗಾಯ ಬೇಗ ಮಾಯುವುದಿಲ್ಲ. ಗೋವಿಂದನಗರದ ಕಾಟೇಜಿನ ಬಗ್ಗೆ ನನ್ನ ಮುಖ್ಯ ಹಿಂಜರಿಕೆ ಇದೇ. ಬಾಗಿಲ ಮುಂದೆ ಸಮುದ್ರವಿದ್ದರೂ ದಿನದ ಎಷ್ಟು ಹೊತ್ತು ಅದು ಮಗು ಆಡುವಂಥ ಸಮುದ್ರವಾಗಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ರಾಧಾನಗರದಲ್ಲಿ ಈ ತೊಂದರೆಯಿಲ್ಲ. ಅಗಲವಾದ, ನುಣುಪಾದ ಬಿಳಿ ಮರಳು, ಹಿಂದೆ ಎತ್ತರದ ಮರಗಳ ಕಾಡು. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛತೆ ಸುರಕ್ಷತೆಗಳನ್ನು ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ದೊರೆತಾಗ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿನ ಜೊತೆ ಇದೂ ಆ ಪಟ್ಟಿಯಲ್ಲಿತ್ತು. ಆ ಮಾನ್ಯತೆಗೆ ಶೌಚಾಲಯವೂ ಜೀವರಕ್ಷಕ ಸಿಬ್ಬಂದಿ ಅಥವಾ ಸಾಧನಗಳೂ ಇರಬೇಕಾದ್ದು ಕಡ್ಡಾಯ, ಮಗುವಿರುವವರಿಗೆ ಇವು ಸಣ್ಣ ವಿಷಯಗಳಲ್ಲ. ಆದರೆ ಅಲ್ಲಿ ಅಲೆಗಳಿವೆ. ಪೂರ್ವ ದಂಡೆಯ ನೀರು ಸ್ನಾನದ ತೊಟ್ಟಿಯಷ್ಟು ಶಾಂತವಾಗಿರುವ ದಿನವೂ ರಾಧಾನಗರದಲ್ಲಿ ಮೊಣಕಾಲೆತ್ತರದ ಅಲೆ ಬರಬಹುದು, ಮೊಣಕಾಲೆತ್ತರದ ಅಲೆ ಎಂದರೆ ನಿಮ್ಮ ಮಗಳಿಗೆ ಎದೆಯೆತ್ತರದ್ದು. ಅಲ್ಲಿ ಆಕೆ ಮರಳಿನಲ್ಲಿ ಆಡಬಹುದು, ನಿಮ್ಮ ಕಂಕುಳಲ್ಲಿ ಕುಳಿತು ಕಾಲು ತೋಯಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ನಿಜ ಹೇಳಬೇಕೆಂದರೆ ಆ ವಯಸ್ಸಿಗೆ ಮರಳೇ ಸಾಕು. ಒಂದು ಬಕೆಟ್ಟು, ಒಂದು ಲೋಟ, ಒದ್ದೆ ಮರಳು ಇವಿಷ್ಟರಲ್ಲಿ ನಮ್ಮ ಮಗ ಗಂಟೆಗಟ್ಟಲೆ ಮುಳುಗಿರುತ್ತಿದ್ದ.

ಹಾಗಿದ್ದರೆ ರಾಧಾನಗರದಲ್ಲೇ ಏಕೆ ತಂಗಬಾರದು? ಹಣ ನಿಮಗೆ ಪ್ರಶ್ನೆಯಲ್ಲವಾದರೆ ಖಂಡಿತ ತಂಗಬಹುದು, ನಾನು ತಡೆಯುವುದಿಲ್ಲ. ಆದರೆ ಅಲ್ಲಿ ವಸತಿಗಳು ಕೆಲವೇ, ಅವುಗಳಲ್ಲಿ ಹೆಚ್ಚಿನವು ದುಬಾರಿ, ಮತ್ತು ರೆಸಾರ್ಟಿನ ಹೊರಗೆ ಅಂಗಡಿ ಹೋಟೆಲುಗಳು ವಿರಳ. ಡಯಾಪರ್ ಮುಗಿದರೆ, ಜ್ವರದ ಔಷಧಿ ಬೇಕಾದರೆ, ಮಗುವಿಗೆ ಮೆತ್ತನೆಯ ಅನ್ನ ಹಿಡಿಸದೆ ಬೇರೆ ಏನಾದರೂ ಹುಡುಕಬೇಕಾದರೆ ಮೂರನೇ ನಂಬರಿನ ಮಾರುಕಟ್ಟೆಗೆ ಬರಬೇಕು. ವಿಜಯನಗರದಿಂದ ಆ ಮಾರುಕಟ್ಟೆ ಹತ್ತಿರ. ಅದಕ್ಕಿಂತ ಮುಖ್ಯವಾಗಿ, ಐದನೇ ನಂಬರಿನ ತೀರದಲ್ಲಿ ಕಡಲಿನ ಕಡೆಗೆ ಬಾಗಿ ನಿಂತ ದೊಡ್ಡ ಮರಗಳಿವೆ, ಅವುಗಳ ನೆರಳು ಮರಳಿನ ಮೇಲೆ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಇಲ್ಲಿಯೂ ಹಿಂದೆ ಸರಿಯುತ್ತದೆ, ಹವಳ ಬಂಡೆಗಳು ಇಲ್ಲಿಯೂ ಕಾಣುತ್ತವೆ, ಆದರೆ ಮೇಲ್ಭಾಗದಲ್ಲಿ ಮಗು ಆಡುವಷ್ಟು ಮರಳು ಉಳಿಯುತ್ತದೆ. ಎರಡು ಸಂಜೆ ವಾಹನ ಮಾಡಿಕೊಂಡು ರಾಧಾನಗರಕ್ಕೆ ಹೋಗಿ ಬನ್ನಿ, ಹೋದ ವಾಹನವನ್ನೇ ಮರಳುವುದಕ್ಕೂ ಕಾಯಿಸಿಕೊಳ್ಳಿ, ಏಕೆಂದರೆ ಕತ್ತಲಾದ ಮೇಲೆ ನಿದ್ದೆಗೆ ಜಾರಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲಿ ಆಟೋ ಹುಡುಕುವುದು ಕಷ್ಟ.

ಕತ್ತಲೆ ಎಂದಾಗ ಹೇಳಬೇಕಾದ ಇನ್ನೊಂದು ಸಂಗತಿಯಿದೆ, ವಸತಿಯ ಆಯ್ಕೆಗೆ ಅದು ನೇರವಾಗಿ ಸಂಬಂಧಿಸಿದ್ದು. ಅಂಡಮಾನ್ ನಮ್ಮಿಂದ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ಭಾರತದ್ದೇ ಆದ್ದರಿಂದ ಜನವರಿಯ ಮಧ್ಯದಲ್ಲಿ ಅಲ್ಲಿ ಸಂಜೆ ಐದೂಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಅಂದರೆ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಬೆಳಿಗ್ಗೆಯೂ ಹಾಗೆಯೇ, ಐದೂವರೆಗೆಲ್ಲ ಬೆಳಕು ಹರಿದಿರುತ್ತದೆ. ಬಿದಿರಿನ ತಟ್ಟಿಯ ಗೋಡೆಯಿರುವ ಕಾಟೇಜಿನಲ್ಲಿ ಆ ಬೆಳಕು ಸಂದಿಗಳಿಂದ ಒಳಗೆ ಬಂದು ಮಗುವನ್ನು ಎಬ್ಬಿಸುತ್ತದೆ. ರೆಸಾರ್ಟಿನ ಅಡುಗೆಮನೆ ಮಾತ್ರ ಏಳು ಏಳೂವರೆಗೆ ಮೊದಲು ತೆರೆಯದಿರಬಹುದು. ಆದ್ದರಿಂದ ದಪ್ಪ ಪರದೆಯಿರುವ, ನೀರು ಕಾಯಿಸುವ ಕೆಟಲ್ ಇರುವ, ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಮಗು ತಂಪಾಗಿ ಮಲಗಬಹುದಾದ ಕೋಣೆ ಬೇಕು. ಬೆಳಿಗ್ಗೆ ಆರರಿಂದ ಎಂಟೂವರೆ, ಮತ್ತೆ ಮೂರರಿಂದ ಐದು, ಇಷ್ಟೇ ಮಗುವಿನ ಕಡಲಿನ ಹೊತ್ತು. ಉಳಿದ ಹೊತ್ತೆಲ್ಲ ನೀವು ಕೋಣೆಯಲ್ಲೇ ಇರುತ್ತೀರಿ, ಅದಕ್ಕಾಗಿಯೇ ಕಿಟಕಿಯ ನೋಟಕ್ಕಿಂತ ಎ.ಸಿ., ಪರದೆ, ಬಚ್ಚಲು ಇವುಗಳ ಬಗ್ಗೆ ಹೆಚ್ಚು ವಿಚಾರಿಸಿ ಎಂದು ಒತ್ತಿ ಹೇಳುತ್ತಿದ್ದೇನೆ. ದ್ವೀಪದಲ್ಲಿ ವಿದ್ಯುತ್ ಹೋಗುವುದುಂಟು, ಹಾಗಾಗಿ ಜನರೇಟರ್ ಇದೆಯೇ ಎಂದಷ್ಟೇ ಕೇಳದೆ ಅದರಲ್ಲಿ ಕೋಣೆಯ ಎ.ಸಿ.ಯೂ ನಡೆಯುತ್ತದೆಯೇ ಎಂದು ಕೇಳಬೇಕು.

ಕೋಣೆಯ ರಚನೆಯ ಬಗ್ಗೆ ಕೆಲವು ಮಾತು. ದ್ವೀಪದ ಹಲವು ಕಾಟೇಜುಗಳನ್ನು ಮರದ ಕಂಬಗಳ ಮೇಲೆ ಎತ್ತರಿಸಿ ಕಟ್ಟಿರುತ್ತಾರೆ. ಏಣಿಯಂಥ ಮೆಟ್ಟಿಲು, ಅಗಲ ಸಂದಿಯ ಜಗಲಿ ಕಟಕಟೆ, ಹಲಗೆಗಳ ನಡುವೆ ಬೆರಳು ಸಿಕ್ಕಿಕೊಳ್ಳುವಷ್ಟು ಜಾಗ ಇವೆಲ್ಲ ನಡಿಗೆ ಕಲಿಯುತ್ತಿರುವ ಮಗುವಿಗೆ ಅಪಾಯ. ನೆಲಮಟ್ಟದ, ಸಿಮೆಂಟು ಅಥವಾ ಟೈಲ್ಸ್ ನೆಲದ ಕೋಣೆ ನೋಡಲು ಅಷ್ಟು ಚೆಂದವಿಲ್ಲದಿದ್ದರೂ ಅದನ್ನೇ ಆರಿಸಿಕೊಳ್ಳಿ. ಹೊರಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕವಿರಬೇಕು. ಈಜುಕೊಳವಿರುವ ವಸತಿಯಾದರೆ ಅದರ ಸುತ್ತ ಬೇಲಿಯೂ ಮುಚ್ಚುವ ಗೇಟೂ ಇವೆಯೇ ಎಂದು ಕೇಳಿ, ಇಲ್ಲವಾದರೆ ಕೊಳದ ಪಕ್ಕದ ಕೋಣೆಯನ್ನು ಬೇಡವೆನ್ನಿ. ಜಾರುಬಾಗಿಲು ತೆರೆದರೆ ನೇರ ಕೊಳಕ್ಕೆ ಇಳಿಯುವ ಕೋಣೆಗಳನ್ನು ಹೆಚ್ಚಿನ ದರಕ್ಕೆ ಕೊಡುತ್ತಾರೆ, ಚಿಕ್ಕ ಮಗುವಿರುವ ಕುಟುಂಬಕ್ಕೆ ಅದಕ್ಕಿಂತ ಕೆಟ್ಟ ಕೋಣೆ ಮತ್ತೊಂದಿಲ್ಲ. ಮಕ್ಕಳು ನೀರಿಗೆ ಬಿದ್ದಾಗ ಸದ್ದಾಗುವುದಿಲ್ಲ, ಅಂಗೈ ಆಳದ ನೀರೂ ಸಾಕು, ಮತ್ತು ತಾಯಿ ತಂದೆ ಇಬ್ಬರೂ ಸಾಮಾನು ಬಿಚ್ಚುತ್ತಿರುವ ಮೊದಲ ಅರ್ಧ ಗಂಟೆಯಲ್ಲೇ ಮಗು ಹೊಸ ಜಾಗವನ್ನು ಶೋಧಿಸಲು ಹೊರಡುತ್ತದೆ. ನಾವು ಕೋಣೆಗೆ ಹೋದ ಕೂಡಲೇ ಒಬ್ಬರು ಮಗುವನ್ನು ಹಿಡಿದುಕೊಂಡು ಕುಳಿತುಬಿಡುತ್ತಿದ್ದೆವು, ಇನ್ನೊಬ್ಬರು ಮಾತ್ರ ಸಾಮಾನಿನ ಕೆಲಸ ನೋಡುತ್ತಿದ್ದರು.

ಮಗುವಿನ ತೊಟ್ಟಿಲು ಅಥವಾ ಕಟಕಟೆಯಿರುವ ಮಂಚ ಎಲ್ಲ ಕಡೆಯೂ ಸಿಗುವುದಿಲ್ಲ, ಹಾಸಿಗೆಯೊಂದನ್ನು ನೆಲಕ್ಕೆ ಹಾಕಿಕೊಡಿ ಎಂದರೆ ಎಲ್ಲರೂ ಕೊಡುತ್ತಾರೆ, ಅದೇ ಹೆಚ್ಚು ಸುರಕ್ಷಿತ. ಸೊಳ್ಳೆಪರದೆ ಇರಲೇಬೇಕು. ತೆಂಗಿನ ಮರದ ಅಡಿಯಲ್ಲಿರುವ ಕಾಟೇಜಾದರೆ ಕಾಯಿಗಳನ್ನು ಕಾಲಕಾಲಕ್ಕೆ ಇಳಿಸುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ.

ಸೊಳ್ಳೆಗಿಂತ ಹೆಚ್ಚು ಕಾಡುವುದು ಸ್ಯಾಂಡ್‌ಫ್ಲೈ ಎಂದು ಕರೆಯುವ, ಮರಳಿನ ಮೇಲೆ ಹಾರಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಮುಂಜಾನೆ ಮತ್ತು ಮುಸ್ಸಂಜೆ, ಅಂದರೆ ಮಗು ತೀರದಲ್ಲಿರುವ ಹೊತ್ತಿನಲ್ಲೇ ಅದರ ಹಾವಳಿ ಹೆಚ್ಚು, ಕಚ್ಚಿದ ಜಾಗ ದಿನಗಟ್ಟಲೆ ತುರಿಸುತ್ತದೆ. ಬರಿಯ ಮರಳಿನ ಮೇಲೆ ಕೂರಿಸದೆ ದಪ್ಪ ಚಾಪೆ ಹಾಸಿ, ತೆಳುವಾದ ಉದ್ದ ತೋಳಿನ ಅಂಗಿ ಮತ್ತು ಪೈಜಾಮ ಹಾಕಿ. ಹಚ್ಚುವ ಮುಲಾಮು ಯಾವುದೆಂದು ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿಕೊಳ್ಳಿ. ನೈಸರ್ಗಿಕ ಎಂದು ಮಾರುವ ನಿಂಬೆ ನೀಲಗಿರಿ ಎಣ್ಣೆಯ ಮುಲಾಮುಗಳನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು ಎಂಬ ಎಚ್ಚರಿಕೆಯಿದೆ. ತೀರದಲ್ಲಿ ಒಣಗಿದ ಕಡಲಕಳೆಯನ್ನು ದಿನವೂ ಗುಡಿಸುವ ವಸತಿಯಲ್ಲಿ ಈ ಕಾಟ ಕಡಿಮೆಯಿತ್ತು ಎಂಬುದು ನಮ್ಮ ಅನುಭವ. ಅಂಡಮಾನಿನ ಕೆಲವು ಕಡೆ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವಲ್ಲಿ, ತೊರೆಯೊಂದು ಸಮುದ್ರ ಸೇರುವಲ್ಲಿ, ಮ್ಯಾಂಗ್ರೋವ್ ಗಿಡಗಳಿರುವಲ್ಲಿ ಮಗುವನ್ನು ಇಳಿಸುವ ಮಾತೇ ಬೇಡ. ಕೋಣೆ ಕಾದಿರಿಸುವಾಗಲೇ ತಮ್ಮ ಮುಂದಿನ ತೀರದಲ್ಲಿ ಈಜಲು ಅನುಮತಿಯಿದೆಯೇ ಎಂದು ಕೇಳಿ.

ಈಗ ಐದು ರಾತ್ರಿಗಳನ್ನು ಹಂಚುವ ವಿಷಯ. ನೀಲ್ ದ್ವೀಪವನ್ನೂ ಸೇರಿಸಬೇಕೆಂದು ಬರೆದಿದ್ದೀರಿ. ನೀಲ್ ಬಹಳ ಹಿತವಾದ ಜಾಗ, ಚಿಕ್ಕದು, ಗದ್ದೆ ತರಕಾರಿ ತೋಟಗಳ ನಡುವಿನ ಊರು. ಆದರೂ ಈ ಸಲ ಬಿಟ್ಟುಬಿಡಿ. ಒಂದೊಂದು ಹಡಗಿನ ಪ್ರಯಾಣವೆಂದರೆ ಬೆಳಿಗ್ಗೆ ಬೇಗ ಎದ್ದು, ಸಾಮಾನು ಕಟ್ಟಿ, ಜೆಟ್ಟಿಯಲ್ಲಿ ಕಾದು, ಅಲೆಯ ಮೇಲೆ ತೂಗಾಡಿ, ಮತ್ತೆ ಹೊಸ ಕೋಣೆಗೆ ಹೊಂದಿಕೊಳ್ಳುವುದು, ಮಗುವಿನ ಒಂದು ಇಡೀ ದಿನ ಇದಕ್ಕೇ ಹೋಗುತ್ತದೆ. ಮೊದಲ ರಾತ್ರಿ ಈಗ ಶ್ರೀ ವಿಜಯಪುರಂ ಎಂದಾಗಿರುವ ಪೋರ್ಟ್ ಬ್ಲೇರ್‌ನಲ್ಲಿ, ಮುಂದಿನ ಮೂರು ಹ್ಯಾವ್‌ಲಾಕ್‌ನಲ್ಲಿ ಒಂದೇ ಕೋಣೆಯಲ್ಲಿ, ಕೊನೆಯದು ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಇರಲಿ. ಖಾಸಗಿ ವೇಗದ ಹಡಗು ಒಂದೂವರೆಯಿಂದ ಎರಡು ಗಂಟೆಯಲ್ಲಿ ದಾಟಿಸುತ್ತದೆ, ಆದರೆ ಹವಾಮಾನ ಕೆಟ್ಟರೆ ಹಡಗುಗಳು ರದ್ದಾಗುತ್ತವೆ, ಆದ್ದರಿಂದ ವಿಮಾನದ ಹಿಂದಿನ ದಿನವೇ ದೊಡ್ಡ ದ್ವೀಪಕ್ಕೆ ಮರಳಿರುವುದು ಲೇಸು. ಪೋರ್ಟ್ ಬ್ಲೇರ್‌ನ ಎರಡು ರಾತ್ರಿಗಳಿಗೆ ಕಡಲತೀರದ ವಸತಿಯ ಅಗತ್ಯವಿಲ್ಲ. ವಿಮಾನ ನಿಲ್ದಾಣಕ್ಕೂ ಜೆಟ್ಟಿಗೂ ಹತ್ತಿರದ, ಲಿಫ್ಟ್ ಇರುವ ಸಾಧಾರಣ ಹೋಟೆಲ್ ಸಾಕು, ಉಳಿಸಿದ ಹಣವನ್ನು ಹ್ಯಾವ್‌ಲಾಕ್‌ನ ಕೋಣೆಗೆ ಹಾಕಿ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಅಲ್ಲಿ ನೆಲೆಸಿರುವವರಲ್ಲಿ ಬಂಗಾಳಿಗಳು ಹೆಚ್ಚು, ಅನ್ನ ಬೇಳೆ ಎಲ್ಲೆಲ್ಲೂ ಸಿಗುತ್ತದೆ, ಖಾರ ಹಾಕದೆ ಕಿಚಡಿ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ. ಮಗು ಕುಡಿಯುವ ಹಾಲಿನ ಪುಡಿ, ರಾಗಿ ಹುಡಿ, ಡಯಾಪರ್, ಜ್ವರದ ಔಷಧಿ, ಓಆರ್‌ಎಸ್ ಪೊಟ್ಟಣಗಳನ್ನು ಮಾತ್ರ ಬೆಂಗಳೂರಿನಿಂದಲೇ ಒಯ್ಯಿರಿ. ಹ್ಯಾವ್‌ಲಾಕ್‌ನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ, ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕು, ಅಂದರೆ ಸಮುದ್ರ ದಾಟಬೇಕು. ಮಗುವಿಗೆ ಉಬ್ಬಸವೋ ಜ್ವರದ ಸೆಳೆತವೋ ಬರುವ ಸ್ವಭಾವವಿದ್ದರೆ ಈ ಒಂದು ಅಂಶವನ್ನು ವೈದ್ಯರ ಜೊತೆ ಮಾತನಾಡಿಯೇ ಟಿಕೆಟ್ ಮಾಡಿಸಿ.

ಕೋಣೆಗೆ ಮುಂಗಡ ಕಟ್ಟುವ ಮೊದಲು ಎರಡು ಕೆಲಸ ಮಾಡಿ. ನಿಮ್ಮ ದಿನಾಂಕಗಳಿಗೆ ಉಬ್ಬರ ಇಳಿತದ ವೇಳಾಪಟ್ಟಿಯನ್ನು ಅಂತರಜಾಲದಲ್ಲಿ ನೋಡಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನವೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತವೆ. ಆದ್ದರಿಂದ ಪ್ರವಾಸವನ್ನು ನಾಲ್ಕೈದು ದಿನ ಹಿಂದೆ ಮುಂದೆ ಮಾಡಿದರೆ ಬೆಳಗಿನ ಹೊತ್ತಿನಲ್ಲಿ ನೀರು ಎಲ್ಲಿರುತ್ತದೆ ಎಂಬುದೇ ಬದಲಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಅವೆರಡರ ನಡುವಿನ ದಿನಗಳು ಮಗುವಿಗೆ ಅನುಕೂಲ. ಎರಡನೆಯದಾಗಿ, ವಸತಿಯವರಿಗೆ ಕರೆಮಾಡಿ, ಇಳಿತದ ಹೊತ್ತಿನಲ್ಲಿ ಕೋಣೆಯ ಬಾಗಿಲಿನಿಂದ ನೀರಿನ ತನಕ ನಡೆಯುತ್ತ ವಿಡಿಯೋ ಮಾಡಿ ಕಳಿಸಲು ಕೇಳಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ದ್ವೀಪಗಳಲ್ಲಿ ಇಂಟರ್ನೆಟ್ ಸುಧಾರಿಸಿದೆ, ಕಳಿಸುವುದು ಅವರಿಗೆ ಕಷ್ಟವಲ್ಲ. ಆ ಒಂದು ವಿಡಿಯೋದಲ್ಲಿ ಮೆಟ್ಟಿಲು, ಕಟಕಟೆ, ಕೊಳ, ನೆರಳು, ಮರಳು, ಹವಳ ಎಲ್ಲವೂ ಕಾಣುತ್ತವೆ. ಕಳಿಸಲು ಒಪ್ಪದವರಲ್ಲಿ ಕೋಣೆ ಹಿಡಿಯಬೇಡಿ, ಕಳಿಸಿದವರಲ್ಲಿ ದರ ಸ್ವಲ್ಪ ಹೆಚ್ಚಾದರೂ ಹಿಡಿಯಿರಿ.