ಕೈಕೆಲಸ ಪ್ರಶ್ನೋತ್ತರ: ಮಗು ಎದ್ದ ಕೂಡಲೇ ಕೆಲಸ ಕೆಳಗಿಡಲು ಬರಬೇಕು

ಪ್ರಶ್ನೆ: ಐದು ವರ್ಷದ ಮಗಳು, ಹತ್ತು ತಿಂಗಳ ಮಗ ಇದ್ದಾರೆ. ಚಿಕ್ಕವನು ಮಲಗಿದಾಗ ಸಿಗುವ ಹದಿನೈದು, ಇಪ್ಪತ್ತು ನಿಮಿಷದಲ್ಲಿ ಕ್ರೋಶಾ (ಕೊಕ್ಕೆಕಡ್ಡಿಯ ಹೆಣಿಗೆ) ಹೊದಿಕೆ ಹೆಣೆಯುತ್ತಿದ್ದೇನೆ. 120 ಡಬಲ್ ಕ್ರೋಶಾ ಹೊಲಿಗೆಯಿಂದ ಶುರುಮಾಡಿದ್ದು ಹನ್ನೆರಡನೇ ಸಾಲಿಗೆ 109ಕ್ಕೆ ಇಳಿದಿದೆ. ಎರಡೂ ಕಡೆಯಿಂದ ಕಿರಿದಾಗುತ್ತಿದೆ. ನಡುನಡುವೆ ಎದ್ದು ಹೋಗುವುದರಿಂದ ಲೆಕ್ಕ ತಪ್ಪುತ್ತಿದೆಯೇ?

ಉತ್ತರ: ನಿಮ್ಮ ಲೆಕ್ಕದಲ್ಲೇ ಉತ್ತರವಿದೆ. ಹನ್ನೆರಡನೇ ಸಾಲಿನ ಹೊತ್ತಿಗೆ ಹನ್ನೊಂದು ಸಲ ತಿರುಗಿಸಿದ್ದೀರಿ, ಹನ್ನೊಂದೇ ಹೊಲಿಗೆ ಕಳೆದಿವೆ. ಎದ್ದು ಹೋದ ಕಾರಣಕ್ಕೆ ತಪ್ಪಿದ್ದರೆ ಒಂದು ಸಾಲಿನಲ್ಲಿ ಮೂರು, ಇನ್ನೊಂದರಲ್ಲಿ ಸೊನ್ನೆ ಎಂಬಂತೆ ಹೆಚ್ಚುಕಮ್ಮಿ ಆಗುತ್ತಿತ್ತು. ಸಾಲಿಗೆ ಒಂದರಂತೆ ಕ್ರಮವಾಗಿ ಹೋಗುತ್ತಿದೆ ಎಂದರೆ ತಪ್ಪು ತುದಿಯಲ್ಲಿದೆ.

ಡಬಲ್ ಕ್ರೋಶಾದಲ್ಲಿ ತಿರುಗಿಸಿದಾಗ ಹಾಕುವ 3 ಚೈನ್ (ಸರಪಳಿಯಂತೆ ಹೆಣೆದ ಸರಳ ಕುಣಿಕೆಗಳು) ಸಾಮಾನ್ಯವಾಗಿ ಆ ಸಾಲಿನ ಮೊದಲ ಹೊಲಿಗೆಯೆಂದೇ ಲೆಕ್ಕ. ಹಾಗಾಗಿ ಮುಂದಿನ ಡಬಲ್ ಎರಡನೇ ಹೊಲಿಗೆಯ ತಲೆಗೆ ಬೀಳಬೇಕು. ಸಾಲು ಮುಗಿಸುವಾಗ ಕೊನೆಯ ಡಬಲ್ ಹಿಂದಿನ ಸಾಲಿನ ಆ 3 ಚೈನಿನ ಮೂರನೆಯದಕ್ಕೆ, ಅಂದರೆ ಮೇಲ್ತುದಿಗೆ, ಹೋಗಬೇಕು. ಅದು ಉಳಿದ ಹೊಲಿಗೆಗಳಷ್ಟು ದಪ್ಪವಾಗಿ ಕಾಣದೆ ಪಕ್ಕಕ್ಕೆ ವಾಲಿರುತ್ತದೆ. ಅದನ್ನು ಕಾಣದೆ ಸಾಲು ಮುಗಿಯಿತೆಂದು ತಿರುಗಿಸಿದಾಗ ಒಂದು ಹೊಲಿಗೆ ಹೋಗುತ್ತದೆ. ಒಂದು ಸಾಲು ಎಡಗಡೆ ಮುಗಿದರೆ ಮುಂದಿನದು ಬಲಗಡೆ ಮುಗಿಯುತ್ತದಲ್ಲ, ಅದಕ್ಕೇ ಎರಡೂ ಅಂಚು ಸಮನಾಗಿ ಒಳಗೆ ಸರಿದಿವೆ.

ಇನ್ನು ಮುಂದೆ 3 ಚೈನ್ ಹಾಕಿದ ತಕ್ಷಣ ಮೂರನೆಯದರೊಳಗೆ ಬೇರೆ ಬಣ್ಣದ, ಬೆರಳುದ್ದದ ದಾರದ ತುಂಡು ಸಿಕ್ಕಿಸಿ. ಮರಳಿ ಬರುವಾಗ ಆ ದಾರ ಇರುವಲ್ಲಿ ಕೊನೆಯ ಹೊಲಿಗೆ. ಅಂಗಡಿಯ ಪ್ಲಾಸ್ಟಿಕ್ ಗುರುತುಪಿನ್ನು ಅನುಕೂಲವೇ. ಆದರೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅದು ಬಿದ್ದರೆ ನೇರ ಬಾಯಿಗೆ ಹೋಗುವ ಗಾತ್ರದ್ದು. ಸದ್ಯಕ್ಕೆ ದಾರವೇ ಇರಲಿ. ಈಗಾಗಲೇ ಹೆಣೆದದ್ದನ್ನು ಮೊದಲ ಸಾಲಿನವರೆಗೆ ಬಿಚ್ಚಿಬಿಡಿ. ಅಂಚಿಗೆ ಪಟ್ಟಿ ಹೆಣೆದು ಮುಚ್ಚಬಹುದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಓರೆ ಹಾಗೇ ಉಳಿದು, ಪಟ್ಟಿಯೂ ಅದರ ಜೊತೆಗೇ ಓರೆಯಾಗುತ್ತದೆ.

ಇನ್ನು ನಿಲ್ಲಿಸುವ ವಿಷಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೈಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕಿಂತ ಅದನ್ನು ಎಲ್ಲಿ ಬೇಕಾದರೂ ಕೆಳಗಿಟ್ಟು, ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳಲು ಬರುತ್ತದೆಯೇ ಎಂಬುದು ಮುಖ್ಯ. ಮೊದಲ ಸಾಲಿನಲ್ಲಿ ಪ್ರತಿ 20 ಹೊಲಿಗೆಗೊಂದು ದಾರದ ಗುರುತು ಹಾಕಿ, ಆರು ಭಾಗವಾಗುತ್ತದೆ. ಸಾಲು ಮೇಲೇರಿದಂತೆ ಗುರುತನ್ನೂ ಮೇಲಕ್ಕೆ ಸರಿಸಿ. ಮಗು ಕೊಸರಾಡಿದ ಸದ್ದು ಕೇಳಿದರೆ ಮುಂದಿನ ಗುರುತಿನವರೆಗೆ ಮುಗಿಸಿ ನಿಲ್ಲಿಸಬಹುದು. ಮತ್ತೆ ಕೂತಾಗ 120 ಎಣಿಸಬೇಕಿಲ್ಲ, ಕೊನೆಯ ಭಾಗದ ಇಪ್ಪತ್ತು ಎಣಿಸಿದರೆ ಸಾಕು. ನಿಲ್ಲಿಸುವಾಗ ಕಡ್ಡಿಯ ಮೇಲಿನ ಕುಣಿಕೆಯನ್ನು ಅಂಗೈ ಉದ್ದಕ್ಕೆ ಎಳೆದು ದೊಡ್ಡದು ಮಾಡಿ, ಕಡ್ಡಿ ತೆಗೆದು ಮುಚ್ಚಳವಿರುವ ಡಬ್ಬಿಗೆ ಹಾಕಿ. ಕಡ್ಡಿ ಹೆಣಿಗೆಯಲ್ಲೇ ಇದ್ದರೆ ಮಗು ಎಳೆಯುವುದು ಅದನ್ನೇ.

ಅಂದಹಾಗೆ, ನೀವು ನೋಡಿ ಹೆಣೆಯುವ ಮಾದರಿ ಅಮೆರಿಕನ್ ಪದ್ಧತಿಯದೋ ಬ್ರಿಟಿಷ್ ಪದ್ಧತಿಯದೋ ನೋಡಿಕೊಳ್ಳಿ. ಮೊದಲನೆಯದರ ಡಬಲ್‌ಗೆ ಎರಡನೆಯದರಲ್ಲಿ ಟ್ರೆಬಲ್ ಎನ್ನುತ್ತಾರೆ. ಇಲ್ಲಿ ಹೇಳಿದ್ದು ಅಮೆರಿಕನ್ ಡಬಲ್.

ಇಷ್ಟಾಗಿಯೂ ಉದ್ದ ಸಾಲು ಬೇಸರ ತರಿಸಿದರೆ ಚೌಕಗಳಾಗಿ ಹೆಣೆಯಿರಿ. 12 ಸೆಂ.ಮೀ. ಚೌಕವಾದರೆ ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕಕ್ಕೆ 96 × 120 ಸೆಂ.ಮೀ. ಹೊದಿಕೆ. ಒಂದು ನಿದ್ದೆಗೆ ಒಂದು ಚೌಕ. ಒಂದು ಎಚ್ಚರಿಕೆ: ಪ್ರತಿ ಚೌಕದ ದಾರದ ತುದಿಯನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ, ಅಂದೇ ಸೂಜಿಯಿಂದ ಹೆಣಿಗೆಯೊಳಗೆ ಒಂದು ಕಡೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ ಸೇರಿಸಿಬಿಡಿ. 80 ಚೌಕದ 160 ತುದಿಗಳು ಕೊನೆಗೆ ಒಟ್ಟಿಗೆ ಉಳಿದರೆ ಹೊದಿಕೆ ಕಪಾಟು ಸೇರುತ್ತದೆ.

ಪ್ರಶ್ನೆ: ಅದೇ ದಾರದ ಉಳಿಕೆಯಲ್ಲಿ ತಂಗಿಯ ಒಂದು ವರ್ಷದ ಮಗುವಿಗೆ ಗೊಂಬೆ ಹೆಣೆಯಬೇಕೆಂದಿದ್ದೇನೆ. "ಸೇಫ್ಟಿ ಐ" ಎಂದು ಮಾರುವ ಪ್ಲಾಸ್ಟಿಕ್ ಕಣ್ಣು ಹಾಕಬಹುದೇ?

ಉತ್ತರ: ಬೇಡ. ಹೆಸರಲ್ಲಿ ಸುರಕ್ಷತೆ ಇದ್ದರೂ, ಅದರ ಹಿಂದಿನ ಬಿಲ್ಲೆ ಬಿಗಿಯಾಗಿ ಕೂತಿದ್ದರೂ, ಸುತ್ತಲ ಹೆಣಿಗೆ ಹಿಗ್ಗಿದರೆ ಕಣ್ಣು ಇಡಿಯಾಗಿ ಹೊರಬರುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಅಳತೆ ಇದೆ: ಸುಮಾರು 32 ಮಿ.ಮೀ. ಬಾಯಿಯ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಬಿಡಿಭಾಗವೆಲ್ಲ ಉಸಿರುಗಟ್ಟಿಸಬಲ್ಲದು. ಗುಂಡಿ, ಮಣಿ, ಗೆಜ್ಜೆ ಎಲ್ಲವೂ ಇದರಲ್ಲಿ ಸೇರುತ್ತವೆ. ಕಣ್ಣು, ಮೂಗನ್ನು ಆರೆಳೆಯ ಕಸೂತಿ ದಾರದಲ್ಲಿ ತುಂಬುಹೊಲಿಗೆಯಿಂದ ಹೊಲಿಯಿರಿ. ಗೊಂಬೆಯನ್ನು ದಾರಕ್ಕೆ ಹೇಳಿದ್ದಕ್ಕಿಂತ ಅರ್ಧದಿಂದ ಒಂದು ಮಿ.ಮೀ. ಸಣ್ಣ ಕಡ್ಡಿಯಲ್ಲಿ ಹೆಣೆದರೆ ಹೊಲಿಗೆ ಒತ್ತಾಗಿ ಒಳಗಿನ ಹತ್ತಿ ಇಣುಕುವುದಿಲ್ಲ. ರೋಮ ಏಳುವ ಮೊಹೇರ್ ದಾರವನ್ನೂ ಬಿಡಿ, ಎಳೆ ಬಾಯಿಗೆ ಅಂಟುತ್ತದೆ.

ಪ್ರಶ್ನೆ: ಜಲವರ್ಣ ನನ್ನ ಹವ್ಯಾಸ. ಆರು ವರ್ಷದ ಮಗ ಪಕ್ಕದಲ್ಲಿ ಕೂತು ನನ್ನ ಬಣ್ಣವನ್ನೇ ಬೇಕೆನ್ನುತ್ತಾನೆ. ಅವನನ್ನು ನೋಡಿ ಮತ್ತೆ ಚಿತ್ರಕ್ಕೆ ಮರಳುವಷ್ಟರಲ್ಲಿ ಆಕಾಶದಲ್ಲಿ ಹಲ್ಲುಹಲ್ಲಾದ ಅಂಚಿನ ಕಲೆ ಎದ್ದಿರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಕಲೆ. ಹಾಸಿದ ಬಣ್ಣ ಅರೆ ಒಣಗಿದಾಗ, ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿಸಿದರೆ ಆ ನೀರು ಹರಡುತ್ತಾ ಬಣ್ಣದ ಕಣಗಳನ್ನು ಅಂಚಿಗೆ ತಳ್ಳುತ್ತದೆ. ಹಲ್ಲು ಏಳುವುದು ಅಲ್ಲೇ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕನ್ನಡಿಯಂತೆ ಹೊಳೆದರೆ ಇನ್ನೂ ಬಣ್ಣ ಸೇರಿಸಬಹುದು. ಹೊಳಪು ಹೋಗಿ ಮಂಕಾಗಿ, ಮುಟ್ಟಿದರೆ ತಂಪೆನಿಸಿದರೆ ಕೈ ಹಾಕಲೇಬಾರದು. ಪೂರ್ತಿ ಒಣಗಿದ ಮೇಲೆ ಮತ್ತೊಂದು ಪದರ ಹಾಸಬಹುದು. ಮಗ ಕರೆದಾಗ ಆಕಾಶ ನಡುದಾರಿಯಲ್ಲಿದ್ದರೆ ಹಾಗೇ ಬಿಟ್ಟು ಏಳಿ, ಮರಳಿ ಬಂದು ಸರಿಮಾಡಲು ಹೋಗಬೇಡಿ. ಕಲೆ ಹುಟ್ಟುವುದು ಬಿಟ್ಟು ಹೋದದ್ದರಿಂದ ಅಲ್ಲ, ಬಂದ ತಕ್ಷಣ ತಿದ್ದಲು ಹೋದದ್ದರಿಂದ.

ಅವನು ಎದುರಿಗಿರುವ ಹೊತ್ತಿಗೆ ಒಣ ಕಾಗದದ ಮೇಲಿನ ಕೆಲಸ ಇಟ್ಟುಕೊಳ್ಳಿ: ಪೆನ್ಸಿಲ್ ರೇಖೆ, ಎಲೆಯ ನರ, ಕಿಟಕಿಯ ಕಂಬಿ. ದೊಡ್ಡ ಹಾಸನ್ನು ಅವನು ಮಲಗಿದ ಮೇಲೆ ಮಾಡಿ. ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ, ನಾಲ್ಕೂ ಅಂಚಿಗೆ ಕಾಗದದ ಟೇಪ್ ಅಂಟಿಸಿ ಹಲಗೆಗೆ ಬಿಗಿಯಿರಿ. ತೆಳು ಕಾಗದ ನೀರಿಗೆ ಉಬ್ಬಿ, ತಗ್ಗಿನಲ್ಲಿ ನೀರು ನಿಂತು, ಇದೇ ಕಲೆಯನ್ನು ತಾನಾಗಿಯೇ ಮಾಡುತ್ತದೆ.

ನಿಮ್ಮ ಬಣ್ಣವನ್ನು ಕೊಡದಿರಲು ಬೆಲೆಗಿಂತ ದೊಡ್ಡ ಕಾರಣವಿದೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಬಣ್ಣಕಣದ ಸಂಕೇತ ಓದಿ. ಪಿವೈ 35 ಕ್ಯಾಡ್ಮಿಯಂ ಹಳದಿ, ಪಿಆರ್ 108 ಕ್ಯಾಡ್ಮಿಯಂ ಕೆಂಪು, ಪಿಬಿ 28 ಕೋಬಾಲ್ಟ್ ನೀಲಿ. ಇವು ಹೊಟ್ಟೆಗೆ ಹೋಗಬಾರದ ಲೋಹಗಳ ಬಣ್ಣ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ವಯಸ್ಸಿನವರ ಕೈಗೆ ಬೇಡ. ಹೆಸರಿನ ಕೊನೆಗೆ "ಹ್ಯೂ" ಎಂದಿದ್ದರೆ ಅದು ಬೇರೆ ಬಣ್ಣಕಣದಿಂದ ಮಾಡಿದ, ಹೋಲುವ ಬಣ್ಣ. ಮಗನಿಗೆ ಮಕ್ಕಳಿಗೆಂದೇ ಮಾಡಿದ ಬಿಲ್ಲೆಬಣ್ಣ, 8ನೇ ನಂಬರಿನ ದುಂಡು ಕುಂಚ, ಅವನದೇ ನೀರಿನ ಲೋಟ ಕೊಡಿ. ಆದರೆ ಕಾಗದವನ್ನು ಮಾತ್ರ ನಿಮ್ಮದರಿಂದಲೇ ಅಂಗೈಯಗಲ ಕತ್ತರಿಸಿ ಕೊಡಿ. ಶಾಲೆಯ ತೆಳು ಹಾಳೆಯಲ್ಲಿ ಜಲವರ್ಣ ಯಾರ ಕೈಯಲ್ಲೂ ಹರಿಯುವುದಿಲ್ಲ; ಒಳ್ಳೆಯ ಕಾಗದದಲ್ಲಿ ಒಂದು ಹನಿ ಬಣ್ಣ ಹಬ್ಬುವುದನ್ನು ಕಂಡ ಮಗು ಆ ತುಂಡಿನ ಮೇಲೆಯೇ ಬಹಳ ಹೊತ್ತು ಕೂರುತ್ತದೆ.

ಎದ್ದು ಹೋಗುವಾಗ ಕುಂಚವನ್ನು ಲೋಟದಲ್ಲಿ ನಿಲ್ಲಿಸಬೇಡಿ. ತುದಿ ಬಾಗುತ್ತದೆ, ಹಿಡಿಕೆಯ ಮರ ನೀರು ಕುಡಿದು ಲೋಹದ ಪಟ್ಟಿ ಸಡಿಲವಾಗುತ್ತದೆ. ಅಡ್ಡಲಾಗಿ ಮಲಗಿಸಿ ಹೋಗಿ. ತಟ್ಟೆಯಲ್ಲಿ ಒಣಗಿದ ಜಲವರ್ಣ ನೀರು ತಾಗಿಸಿದರೆ ಮತ್ತೆ ಕರಗುತ್ತದೆ. ಅಕ್ರಿಲಿಕ್ ಹಾಗಲ್ಲ, ಕುಂಚದಲ್ಲಿ ಒಣಗಿದರೆ ಕುಂಚವೇ ಹೋಯಿತು. ಮಕ್ಕಳ ಮನೆಗೆ ಜಲವರ್ಣವೇ ಮೇಲು ಎನ್ನಲು ಇದೊಂದೇ ಸಾಕು.

ಪ್ರಶ್ನೆ: ಹೊಲಿಗೆ ಯಂತ್ರದಲ್ಲಿ ಬಟ್ಟೆಯ ಅಡಿಗೆ ದಾರ ಗಂಟುಗಂಟಾಗಿ ಗುಡ್ಡೆಯಾಗುತ್ತದೆ. ಮೇಲಿನ ಹೊಲಿಗೆ ಸರಿಯಾಗೇ ಕಾಣುತ್ತದೆ. ಬಾಬಿನ್ (ಅಡಿಯ ದಾರದ ಉರುಳೆ) ಬದಲಿಸಿ, ಅದರ ಗೂಡಿನ ಸ್ಕ್ರೂ ಬಿಗಿ ಮಾಡಿದರೂ ಹೋಗಿಲ್ಲ. ಮಗಳು ಯಂತ್ರದ ಗುಂಡಿಗಳನ್ನು ತಿರುಗಿಸಿರಬಹುದು.

ಉತ್ತರ: ಗುಡ್ಡೆ ಅಡಿಗಿದ್ದರೂ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಇಲ್ಲದಿದ್ದರೆ ಅಡಿಗೆ ಹೋದ ಕುಣಿಕೆಯನ್ನು ಮೇಲಕ್ಕೆಳೆಯುವವರೇ ಇಲ್ಲ, ಅದು ಅಲ್ಲೇ ಬಿದ್ದು ರಾಶಿಯಾಗುತ್ತದೆ. ಸ್ಕ್ರೂ ಬಿಗಿ ಮಾಡಿದ್ದನ್ನು ತಿರುಗಿಸಿದಷ್ಟೇ ಹಿಂದಕ್ಕೆ ತಿರುಗಿಸಿ.

ಈಗ ಮೇಲಿನ ದಾರ ಪೂರ್ತಿ ಬಿಚ್ಚಿ. ಬಟ್ಟೆ ಅದುಮುವ ಫುಟ್ ಎತ್ತಿಟ್ಟು ಮತ್ತೆ ಪೋಣಿಸಿ. ಫುಟ್ ಕೆಳಗಿದ್ದಾಗ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೇ ಜಾರಿಹೋಗುತ್ತದೆ. ಪೋಣಿಸಿದ ಮೇಲೆ ಪರೀಕ್ಷಿಸಿ: ಫುಟ್ ಎತ್ತಿದಾಗ ದಾರ ಸಲೀಸಾಗಿ ಬರಬೇಕು, ಇಳಿಸಿದಾಗ ಸೂಜಿ ಬಾಗುವಷ್ಟು ತಡೆಯಬೇಕು. ಟೆನ್ಷನ್ ಗುಂಡಿ 0ಯಿಂದ 9ರವರೆಗಿದ್ದರೆ 4ಕ್ಕೆ ಇಡಿ. ಮಗಳ ಕೈ ತಾಗಿದ್ದು ಬಹುಶಃ ಇದಕ್ಕೇ. ಸೂಜಿಯನ್ನೂ ಬದಲಿಸಿ, ಸಾಧಾರಣ ಹತ್ತಿಬಟ್ಟೆಗೆ 90/14 ಅಳತೆಯದು, ತೆಳುವಿಗೆ 75/11, ಟೀ ಶರ್ಟಿನ ಬಟ್ಟೆಗೆ ದುಂಡುತುದಿಯ ಬಾಲ್‌ಪಾಯಿಂಟ್. ಹೊಲಿಗೆ ಶುರುಮಾಡುವಾಗ ಎರಡೂ ದಾರದ 10 ಸೆಂ.ಮೀ. ತುದಿಯನ್ನು ಹಿಂದಕ್ಕೆ ಹಿಡಿದು ಮೂರು ಹೊಲಿಗೆ ಹಾಕಿದ ಮೇಲೆ ಬಿಡಿ.

ನಡುವೆ ಏಳಬೇಕಾದರೆ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಯೇ ನಿಲ್ಲಿಸಿ. ಬಟ್ಟೆ ಸರಿಯದೆ, ಮರಳಿ ಬಂದಾಗ ಹೊಲಿಗೆ ಅದೇ ಗೆರೆಯಲ್ಲಿ ಮುಂದುವರಿಯುತ್ತದೆ. ವಿದ್ಯುತ್ ಯಂತ್ರವಾದರೆ ಪ್ಲಗ್ ತೆಗೆದು, ಕಾಲಿನ ಪೆಡಲ್ ಮೇಜಿನ ಮೇಲಿಟ್ಟು ಹೋಗಿ. ಪೆಡಲ್ ಮೇಲೆ ಕೂತ ಮಗುವಿಗೆ ಯಂತ್ರ ಓಡುತ್ತದೆಂದು ತಿಳಿದಿರುವುದಿಲ್ಲ.

ಪ್ರಶ್ನೆ: ಮಕ್ಕಳು ಮಲಗಿದ ಮೇಲೆ ತೈಲವರ್ಣ ಮಾಡುತ್ತೇನೆ. ಬೆಳಿಗ್ಗೆ ಅವರು ಮುಟ್ಟುವಷ್ಟರಲ್ಲಿ ಒಣಗುವುದಿಲ್ಲ. ಬೇಗ ಒಣಗಿಸಲು ಅಗಸೆ ಎಣ್ಣೆ ಹೆಚ್ಚು ಹಾಕಬಹುದೇ?

ಉತ್ತರ: ಎಣ್ಣೆ ಹೆಚ್ಚಿದರೆ ಒಣಗುವುದು ನಿಧಾನವಾಗುತ್ತದೆ, ಮೇಲ್ಪದರ ಸುಕ್ಕುಗಟ್ಟುತ್ತದೆ. ತೈಲವರ್ಣ ಆರುವುದು ನೀರು ಆವಿಯಾದಂತಲ್ಲ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿ. ಅಂಬರ್‌ನಂಥ (umber) ಕಂದು ಮಣ್ಣುಬಣ್ಣಗಳು ಅವುಗಳಲ್ಲಿರುವ ಮ್ಯಾಂಗನೀಸಿನಿಂದಾಗಿ ಒಂದೆರಡು ದಿನದಲ್ಲಿ ಆರುತ್ತವೆ, ಕ್ಯಾಡ್ಮಿಯಂ ಮತ್ತು ಅಲಿಜರಿನ್ ಕೆಂಪು ವಾರ ಮೀರಬಹುದು. ಹೇಗೂ ಬೆಳಗಾಗುವಷ್ಟರಲ್ಲಿ ಆಗುವ ಮಾತಲ್ಲ. ಕ್ಯಾನ್ವಾಸನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಗೋಡೆಗೆ ತೂಗುಹಾಕಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಕುಂಚ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಆಮ್ಲಜನಕದೊಂದಿಗೆ ಕೂಡುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆಯೊಳಗೆ ಕೂಡಿಕೊಂಡು, ಕಿಡಿಯೇ ಇಲ್ಲದೆ, ಎಲ್ಲರೂ ಮಲಗಿರುವಾಗ ಬೆಂಕಿ ಹೊತ್ತಬಹುದು. ಬಟ್ಟೆಯನ್ನು ಮನೆಯ ಹೊರಗೆ ಒಂದೇ ಪದರವಾಗಿ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ. ರಾತ್ರಿ ಅದಾಗದಿದ್ದರೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿ, ಮುಚ್ಚಳ ಹಾಕಿ, ಹೊರಗಿಟ್ಟು ಮಲಗಿ.