ಎಲೆಗೆ ಅಡ್ಡ ಬಂದ ಕೈ

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದಿಂದ ತುಟಿಯ ಅಂಚಿನಲ್ಲಿ, ಎಡಗಣ್ಣಿನ ರೆಪ್ಪೆಯ ಮೇಲೆ ತೊನ್ನು ಬಂದಿದೆ. ಹೋದ ತಿಂಗಳು ಅಣ್ಣನ ಮನೆಯ ಗೃಹಪ್ರವೇಶದಲ್ಲಿ ಪಾಯಸ ಬಡಿಸುತ್ತಿದ್ದೆ. ಚಿಕ್ಕಮ್ಮ ತಲೆಯೆತ್ತಿ ನನ್ನ ಮುಖ ನೋಡಿದವರೇ ಎಲೆಗೆ ಕೈ ಅಡ್ಡ ಹಿಡಿದರು. ಅವರ ಕಣ್ಣಲ್ಲಿ ಅಸಹ್ಯ ಎದ್ದು ಕಾಣುತ್ತಿತ್ತು. ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದೆ. ಈಗ ಬಸ್ಸಿನಲ್ಲಿ ಕೂತರೂ ಎಲ್ಲರ ಮುಖದಲ್ಲಿ ಅದೇ ಕಾಣುತ್ತದೆ. ಅಮ್ಮ, "ಯಾರೂ ನಿನ್ನ ಕಡೆ ನೋಡಲ್ಲ, ಸುಮ್ಮನಿರು" ಅಂತಾರೆ. ನಾನು ಯಾವುದನ್ನು ನಂಬಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮಗಳೇ, ನಿನ್ನ ಅಮ್ಮನ ಮಾತನ್ನು ನಾನು ಒಪ್ಪುವುದಿಲ್ಲ. ಜನ ನೋಡುತ್ತಾರೆ. ಮುಖದ ಮೇಲೆ ಬಿಳಿ ಮಚ್ಚೆ ಕಂಡರೆ ಕಣ್ಣು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ, ನನ್ನದೂ ನಿಲ್ಲುತ್ತದೆ. ಆದರೆ ‘ಅಸಹ್ಯ’ ಅಂತ ಬರೆದಿದ್ದೀಯಲ್ಲ, ಆ ಪದ ಯಾರದು? ಚಿಕ್ಕಮ್ಮ ಬಾಯಿ ಬಿಟ್ಟಿಲ್ಲ. ಕೈ ಅಡ್ಡ ಹಿಡಿದರು, ನಿಜ. ನಮ್ಮ ಪಂಕ್ತಿಯಲ್ಲಿ ಸಾಕು ಅನ್ನುವುದಕ್ಕೂ ಅದೇ ಕೈ. ಹೊಟ್ಟೆ ತುಂಬಿದವರು, ಸಕ್ಕರೆ ಕಾಯಿಲೆಯವರು, ಎಲೆಯಲ್ಲಿ ಇನ್ನೂ ಅನ್ನ ಉಳಿದವರು, ಎಲ್ಲರೂ ಬಡಿಸುವವರ ಮುಖ ನೋಡಿಯೇ ಕೈ ಅಡ್ಡ ಇಡುತ್ತಾರೆ.

ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದಾಗ ಪ್ರತಿ ವರ್ಷ ಒಂದು ಪ್ರಯೋಗದ ಬಗ್ಗೆ ಹೇಳುತ್ತಿದ್ದೆ. ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಕ್ಲೆಕ್ ಮತ್ತು ಸ್ಟ್ರೆಂಟಾ 1980ರಲ್ಲಿ ಪ್ರಕಟಿಸಿದ್ದು. ಕೆಲವರ ಮುಖಕ್ಕೆ ಮೇಕಪ್ಪಿನಿಂದ ದೊಡ್ಡ ಗಾಯದ ಕಲೆ ಬರೆದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ, ಬಣ್ಣ ಬಿರಿಯದ ಹಾಗೆ ಕ್ರೀಮು ಹಚ್ಚುತ್ತೇವೆ ಎನ್ನುತ್ತಾ ಆ ಕಲೆಯನ್ನು ಪೂರ್ತಿ ಒರೆಸಿಬಿಟ್ಟರು. ಅವರಿಗೆ ಗೊತ್ತೇ ಆಗಲಿಲ್ಲ. ಅಪರಿಚಿತರ ಜೊತೆ ಮಾತಾಡಿ ಬಂದವರು ಹೇಳಿದ್ದೇನು? ಎದುರಿನವರು ದಿಟ್ಟಿಸಿ ನೋಡಿದರು, ಬಿಗಿಯಾಗಿದ್ದರು ಅಂತ. ಮುಖದಲ್ಲಿ ಏನೂ ಇರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಏನೂ ಕದಿಯದವರ ಕೈಯೂ ಹೆಗಲಿಗೆ ಹೋಗುತ್ತದೆ, ಮಗಳೇ.

ನನ್ನ ಕೈಯೂ ಹೋಗಿದೆ. 1996ರಲ್ಲಿ ನನ್ನ ಯಜಮಾನರು ತೀರಿಕೊಂಡರು. ಮೂರು ತಿಂಗಳಾದ ಮೇಲೆ ಕುಂಕುಮ ಇಟ್ಟುಕೊಂಡೇ ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಹಿರಿಯ ಮೇಡಂ ಒಬ್ಬರ ಕಣ್ಣು ನನ್ನ ಹಣೆಯ ಮೇಲೇ ನಿಂತಿತು. ‘ಇಷ್ಟು ಬೇಗ ಮರೆತಳಾ’ ಅಂತ ಆ ಕಣ್ಣು ಅಂದದ್ದು ನನಗೆ ಕೇಳಿಸಿತು. ಎಂಟು ದಿನ ಅವರನ್ನು ಮಾತಾಡಿಸಲಿಲ್ಲ. ಕೊನೆಗೆ ಅವರೇ ಬಂದು, ಗಂಡನನ್ನು ಕಳೆದುಕೊಂಡ ತಮ್ಮ ತಂಗಿಯನ್ನು ಒಂದು ಸಲ ನಮ್ಮ ಮನೆಗೆ ಕರೆದುಕೊಂಡು ಬರಲೇ ಅಂತ ಕೇಳಿದರು. ಅವಳೂ ಕುಂಕುಮ ಇಡಲಿ ಅಂತ ಅವರ ಆಸೆ. ‘ಇಷ್ಟು ಬೇಗ ಮರೆತಳಾ’ ಎಂಬ ಮಾತು ನನ್ನದೇ ಆಗಿತ್ತು. ಅವತ್ತು ಬೆಳಿಗ್ಗೆ ಕುಂಕುಮದ ಭರಣಿ ಹಿಡಿದು ಕನ್ನಡಿಯ ಮುಂದೆ ನಿಂತಾಗ ನನ್ನನ್ನು ನಾನೇ ಕೇಳಿಕೊಂಡಿದ್ದೆ.

ಹಾಗಂತ ಎಲ್ಲವೂ ನಿನ್ನ ಕಲ್ಪನೆ ಅಂದರೆ ನಿನಗೆ ಅನ್ಯಾಯ ಮಾಡಿದ ಹಾಗೆ. ಆ ಪ್ರಯೋಗದಲ್ಲಿ ಕಲೆ ಇರಲಿಲ್ಲ, ನಿನ್ನ ಮುಖದಲ್ಲಿ ಇದೆ. ತೊನ್ನು ಅಂದರೆ ದೂರ ಸರಿಯುವವರು, ಸಂಬಂಧ ಮುರಿಯುವವರು ನಮ್ಮಲ್ಲಿ ಇದ್ದಾರೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಶಿಸಿ ಬರುವ ತೊಂದರೆ ಇದು, ಮುಟ್ಟಿದರೆ ಅಂಟುವುದಿಲ್ಲ. ಇದನ್ನು ಕುಷ್ಠದ ಜೊತೆ ಸೇರಿಸಿ ಹೆದರುವವರು ಸರಿದರೆ ತಪ್ಪು ಅವರದು. ಬಸ್ಸಿನಲ್ಲಿ ಕಂಡವರ ಮನಸ್ಸು ನಿನಗೆ ಎಂದೂ ತಿಳಿಯುವುದಿಲ್ಲ, ಅದನ್ನು ಬಿಟ್ಟುಬಿಡು. ಚಿಕ್ಕಮ್ಮನನ್ನು ಬಿಡಬೇಡ. ಫೋನ್ ಮಾಡಿ, "ಚಿಕ್ಕಮ್ಮ, ಅವತ್ತು ಪಾಯಸ ಯಾಕೆ ಬೇಡ ಅಂದ್ರಿ?" ಅಂತ ನೇರವಾಗಿ ಕೇಳು. ಅವರು ಏನೇ ಅಂದರೂ, ಕೆಟ್ಟದ್ದನ್ನೇ ಅಂದರೂ, ನನಗೆ ಇನ್ನೊಂದು ಕಾಗದ ಬರೆ.