ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗ್ತಿದೆಯಾ? ಹೊಸದು ತರೋ ಮೊದಲು ಅಡಾಪ್ಟರ್ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಸಿಂಧನೂರಿನಲ್ಲಿ ಮನೆ, ಪಕ್ಕದಲ್ಲೇ ರೈಸ್ ಮಿಲ್. ರೂಟರ್ ತಂದು ಮೂರು ವರ್ಷ ಆಗಿದೆ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನದಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಸಂಜೆ ಮಕ್ಕಳು ಮೊಬೈಲು, ಟಿವಿ ಹಚ್ಚಿದರೆ ಇನ್ನೂ ಜಾಸ್ತಿ. ನೆಟ್‌ನವರು ಬಂದು ನೋಡಿ, ರೂಟರ್ ಹೋಗಿದೆ, ಹೊಸದು ತಗೊಳ್ಳಿ ಅಂದಿದ್ದಾರೆ. ತಗೊಳ್ಳಬೇಕಾ ಅಂತ ಕೇಳಿದ್ದೀರಿ.

ಈಗಲೇ ತಗೋಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನನಗೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದೇ, ಗೋಡೆಯ ಪ್ಲಗ್ಗಿಗೆ ಚುಚ್ಚುವ ಕಪ್ಪು ಡಬ್ಬಿ. ಇದೇ ತೊಂದರೆಯಲ್ಲಿ ನಾನು ಎರಡು ವಾರ ಒದ್ದಾಡಿದ್ದೇನೆ, ಅದಕ್ಕೇ ಉದ್ದಕ್ಕೆ ಬರೀತಿದ್ದೇನೆ.

ಅದಕ್ಕಿಂತ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೆಟ್ ಹೋಗುವುದು ಬೇರೆ, ರೂಟರ್ ರೀಸ್ಟಾರ್ಟ್ ಆಗುವುದು ಬೇರೆ. ಮುಂದೆ ಕೂತು ದೀಪಗಳನ್ನು ನೋಡಿ. ಎಲ್ಲ ದೀಪ ಒಟ್ಟಿಗೆ ಆರಿ, ಮತ್ತೆ ಒಂದೊಂದಾಗಿ ಹತ್ತಿಕೊಂಡರೆ ಅದು ರೀಸ್ಟಾರ್ಟ್. ಪವರ್ ದೀಪ ಉರಿಯುತ್ತಲೇ ಇದ್ದು, ಎಲ್‌ಓಎಸ್ ಅನ್ನುವ ದೀಪ ಮಾತ್ರ ಕೆಂಪಗೆ ಮಿಟುಕಿದರೆ ಅದು ಹೊರಗಿನ ಫೈಬರ್ ವೈರಿನ ದೋಷ. ಅದಕ್ಕೆ ನೆಟ್‌ನವರೇ ಬರಬೇಕು, ಅಡಾಪ್ಟರ್ ಬದಲಿಸಿದರೆ ಏನೂ ಆಗಲ್ಲ.

ಇನ್ನು ನನ್ನ ಕಥೆ. ರಾಯಚೂರಿನಲ್ಲಿ ನನ್ನದು ಆನ್‌ಲೈನ್ ಅರ್ಜಿ ಹಾಕಿಕೊಡುವ ಸಣ್ಣ ಅಂಗಡಿ. ಮೇಲೆ ತಗಡು. ಮೇ ತಿಂಗಳು, ನಮ್ಮೂರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಲಿಂಗಸೂಗೂರು ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಸ್ಸಿಗೆ ಬಂದಿದ್ದಳು. ಕಾಲೇಜು ಅರ್ಜಿ, ಅವತ್ತೇ ಕೊನೇ ದಿನ. ಎಲ್ಲ ತುಂಬಿ, ಫೋಟೋ ಹಾಕಿ, ಫೀ ಕಟ್ಟುವ ಹೊತ್ತಿಗೆ ರೂಟರಿನ ದೀಪಗಳೆಲ್ಲ ಆರಿಹೋದವು. ಅವರಪ್ಪನ ಅಕೌಂಟಿನಿಂದ ದುಡ್ಡು ಕಟ್ ಆಯಿತು, ರಸೀದಿ ಬರಲಿಲ್ಲ. ಆ ಮನುಷ್ಯನ ಮುಖ ಈಗಲೂ ಕಣ್ಣ ಮುಂದಿದೆ. ಕೊನೆಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ನನ್ನ ದುಡ್ಡಲ್ಲಿ ಇನ್ನೊಮ್ಮೆ ಫೀ ಕಟ್ಟಿ ಅರ್ಜಿ ಕಳಿಸಿದೆ. ಅವರ ದುಡ್ಡು ಐದಾರು ದಿನಕ್ಕೆ ವಾಪಸ್ ಬಂತು. ಆದರೆ ಆ ಸಂಜೆ ಅವರು ಅದೇ ಚಿಂತೆಯಲ್ಲಿ ಬಸ್ ಹತ್ತಿದರಲ್ಲ, ಅದು ನನ್ನನ್ನು ಕೊರೆಯುತ್ತಲೇ ಇತ್ತು.

ಮರುದಿನ ರೂಟರ್, ಅಡಾಪ್ಟರ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ತೀನ್ ಕಂದೀಲ್ ಹತ್ತಿರ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಅಡಾಪ್ಟರನ್ನು ಪ್ಲಗ್ಗಿಗೆ ಹಾಕಿ, ಪಿನ್ನಿಗೆ ಮೀಟರ್ ಹಿಡಿದರು. 12.1 ವೋಲ್ಟ್ ತೋರಿಸಿತು. ‘ಸರಿ ಇದೆಯಲ್ಲ’ ಅಂದೆ. ‘ತಡಿ ತಮ್ಮಾ, ಈಗ ಕೆಲಸ ಹಚ್ಚಿ ನೋಡೂಣು’ ಅಂದರು. ವೈರಿನ ಸಿಪ್ಪೆ ಚೂರು ಬಿಡಿಸಿ, ಪಿನ್ನನ್ನು ರೂಟರಿಗೆ ಚುಚ್ಚಿ, ಬಿಡಿಸಿದ ಜಾಗದಲ್ಲಿ ಮೀಟರ್ ಹಿಡಿದರು. ಪವರ್ ದೀಪ ಹತ್ತಿದಾಗ 11ಕ್ಕೆ ಇಳಿಯಿತು. ವೈಫೈ ದೀಪ ಹತ್ತಿದ ಕೂಡಲೇ 9ಕ್ಕಿಂತ ಕೆಳಗೆ ಜಾರಿತು. ದೀಪಗಳೆಲ್ಲ ಆರಿದವು. ಅಂಕಿ ಮತ್ತೆ 12ಕ್ಕೆ ಏರಿತು. ಮತ್ತೆ ಹತ್ತಿದವು, ಮತ್ತೆ ಆರಿದವು. ‘ರೂಟರ್ ಛಲೋ ಅದ. ಇದು ಹೋಗ್ಯದ’ ಅಂತ ಅಡಾಪ್ಟರನ್ನು ಬದಿಗಿಟ್ಟರು.

ಅದನ್ನು ಬಿಚ್ಚಿಯೂ ತೋರಿಸಿದರು. ಒಳಗೆ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳಿರುತ್ತವೆ. ಒಂದರ ನೆತ್ತಿ ಉಬ್ಬಿತ್ತು, ಪಕ್ಕದಲ್ಲಿ ಕಂದು ಬಣ್ಣದ ಅಂಟು ಒಸರಿತ್ತು. ಕೆಪಾಸಿಟರ್ ಅಂದರೆ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ನಲ್ಲಿಯಲ್ಲಿ ನೀರು ಒಂದು ಕ್ಷಣ ಕಡಿಮೆಯಾದರೂ ಟ್ಯಾಂಕ್ ಸುಧಾರಿಸಿಕೊಂಡು ಹೋಗುತ್ತದೆ. ಬಿಸಿಗೆ ಅದರೊಳಗಿನ ದ್ರವ ಒಣಗುತ್ತಾ ಬಂದರೆ ಟ್ಯಾಂಕೇ ಸಣ್ಣದಾದ ಹಾಗೆ. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. 40 ಡಿಗ್ರಿ ದಾಟುವ ನಮ್ಮ ಕಡೆ, ತಗಡಿನ ಕೆಳಗೆ, ಅದು ಎಷ್ಟು ದಿನ ತಾಳೀತು ಹೇಳಿ. (ನೀವು ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಕಡೆಯ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.)

ಈಗ ನಿಮ್ಮ ಲಕ್ಷಣಗಳನ್ನು ಇದಕ್ಕೆ ಹೊಂದಿಸಿ ನೋಡಿ. ಮಧ್ಯಾಹ್ನದ ಬಿಸಿಗೆ ತೊಂದರೆ ಶುರು. ಸಂಜೆ ನಾಲ್ಕು ಮೊಬೈಲು ಒಟ್ಟಿಗೆ ಕೂಡಿಕೊಂಡರೆ ರೂಟರ್ ಎಳೆಯುವ ಕರೆಂಟ್ ಹೆಚ್ಚುತ್ತದೆ, ವೋಲ್ಟ್ ಕುಸಿಯುತ್ತದೆ, ಒಳಗಿನ ಚಿಪ್ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ಮೇಲಿಂದ ನಿಮ್ಮ ಪಕ್ಕದ ಮಿಲ್ಲು. ದೊಡ್ಡ ಮೋಟಾರ್ ಶುರುವಾಗುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಮನೆಯ ಬಲ್ಬ್ ಒಮ್ಮೆ ಮಂಕಾಗುತ್ತದಲ್ವಾ? ಒಳ್ಳೇ ಅಡಾಪ್ಟರ್ 100ರಿಂದ 240 ವೋಲ್ಟ್ ತನಕ ತಡೆಯುತ್ತದೆ. ಟ್ಯಾಂಕ್ ಒಣಗಿದ್ದು ತಡೆಯಲ್ಲ. ಬಲ್ಬ್ ಮಂಕಾದಾಗಲೇ ರೂಟರ್ ಆರುತ್ತಾ ಅಂತ ಒಂದು ಸಂಜೆ ಗಮನಿಸಿ.

ದುಡ್ಡು ಹಾಕದೆ ಪರೀಕ್ಷೆ ಮಾಡಬಹುದು. ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ, ಔಟ್‌ಪುಟ್ 12 ವೋಲ್ಟ್ 1 ಆಂಪಿಯರ್ ಅಂತ ಏನಾದರೂ ಇರುತ್ತದೆ. ಕೆಲವು 9 ವೋಲ್ಟಿನವೂ ಇವೆ. ಮನೆಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಅಷ್ಟೇ ವೋಲ್ಟಿನದಿದ್ದು, ಪಿನ್ ಸರಿಯಾಗಿ ಕೂತರೆ, ಒಂದು ದಿನ ಅದನ್ನು ಹಾಕಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಒಂದು ವೋಲ್ಟ್ ಜಾಸ್ತಿಯೂ ಬೇಡ. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ನಡುವಿನ ಚುಕ್ಕೆಗೆ ಪ್ಲಸ್ ಇದೆಯೋ ಮೈನಸ್ ಇದೆಯೋ ಅನ್ನುವ ಸಣ್ಣ ಚಿತ್ರವಿರುತ್ತದೆ, ಎರಡರಲ್ಲೂ ಒಂದೇ ಇರಬೇಕು.

ಪಿನ್ನಿನ ಮಾತು ಬಂತು, ಇದರಲ್ಲಿ ನಾನೇ ಏಮಾರಿದ್ದೇನೆ. ಹೊರಗಿನ ಅಳತೆ 5.5 ಮಿಲಿಮೀಟರ್ ಒಂದೇ ಇದ್ದರೂ ಒಳಗಿನ ತೂತು 2.1, 2.5 ಅಂತ ಎರಡು ಥರ ಬರುತ್ತದೆ. 2.1ರ ಜಾಗಕ್ಕೆ 2.5ರದ್ದು ಹೋಗಿ ಕೂರುತ್ತದೆ, ಆದರೆ ಸಡಿಲ. ಫ್ಯಾನ್ ಗಾಳಿಗೆ ವೈರ್ ಅಲುಗಿದರೂ ರೂಟರ್ ಆರುತ್ತದೆ. ಹೊಸ ಅಡಾಪ್ಟರ್ ತಂದ ಮೇಲೂ ಹಾಗೇ ಆಗುತ್ತಿತ್ತು, ವಾಪಸ್ ಹೋಗಿ ಬದಲಿಸಿಕೊಂಡು ಬಂದೆ. ಹಾಗಾಗಿ ಅಂಗಡಿಗೆ ರೂಟರನ್ನೂ ಒಯ್ಯಿರಿ. ನನಗೆ 250 ರೂಪಾಯಿ ಬಿತ್ತು. ರೂಟರ್ ನೆಟ್ ಕಂಪನಿಯವರೇ ಕೊಟ್ಟಿದ್ದಾದರೆ ಮೊದಲು ಅವರನ್ನೇ ಅಡಾಪ್ಟರ್ ಕೇಳಿ.

ಅಡಾಪ್ಟರ್ ಬದಲಿಸಿದರೂ ನಿಲ್ಲದಿದ್ದರೆ ರೂಟರನ್ನು ನೆಂಟರ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಸುಮ್ನೆ ಪ್ಲಗ್ಗಿಗೆ ಹಾಕಿ ಒಂದು ಇಡೀ ದಿನ ಬಿಡಿ. ರೀಸ್ಟಾರ್ಟ್ ಆಗುತ್ತಾ ನೋಡಲು ನೆಟ್ ಬೇಕಾಗಿಲ್ಲ. ಅಲ್ಲೂ ಆದರೆ ಆಗ ರೂಟರಿನದೇ ತಪ್ಪು. ಅಲ್ಲಿ ಆಗದಿದ್ದರೆ ನಿಮ್ಮ ಮನೆಯ ಪ್ಲಗ್ ಅಥವಾ ಎಕ್ಸ್‌ಟೆನ್ಷನ್ ಬೋರ್ಡ್ ಸಡಿಲವಿರಬಹುದು, ಇಲ್ಲವೇ ಕರೆಂಟಿನದೇ ಏರುಪೇರು ಇರಬಹುದು. ರೂಟರಿಗೆ ಪೆನ್‌ಡ್ರೈವ್ ಹಾಕಿದ್ದರೆ ಅದನ್ನೂ ತೆಗೆಯಿರಿ. ದಿನಾ ಒಂದೇ ಹೊತ್ತಿಗೆ ಸರಿಯಾಗಿ ಆರಿದರೆ ಸೆಟ್ಟಿಂಗಿನಲ್ಲಿ ಆಟೋ ರೀಬೂಟ್ ಆನ್ ಇದೆಯಾ ನೋಡಿ.

ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಲು ಯಾರಾದರೂ ಹೇಳಿದರೆ ದುಡುಕಬೇಡಿ. ನೆಟ್‌ನವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಇದ್ದ ನೆಟ್ಟೂ ಹೋಗಬಹುದು. ಮೊದಲು ಅವನ್ನು ಬರೆದಿಟ್ಟುಕೊಳ್ಳಿ.

ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ಬಂದಾಗ ಮಾತ್ರ ರೂಟರ್ ಆರುವುದಾದರೆ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಆ ಮೋಡಿನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾವಣೆ ಬೇಗ ಆಗುತ್ತದೆ. ಅಂಗಡಿಗೆ ನಾನು ರೂಟರಿಗೆಂದೇ ಬರುವ ಪುಟ್ಟ ಬ್ಯಾಟರಿ ಯುಪಿಎಸ್ ಹಾಕಿಸಿದ್ದೇನೆ. ರೂಟರನ್ನು ತಗಡಿನಿಂದ ಕೆಳಗಿಳಿಸಿ ಗಾಳಿ ಆಡುವ ಗೋಡೆಗೆ ಹಾಕಿದ್ದೇನೆ. ಹಳೇ ರೂಟರೇ, ಇವತ್ತಿಗೂ ಓಡುತ್ತಿದೆ.

ನಿಮ್ಮ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್, ಮುಟ್ಟಿದರೆ ಎಷ್ಟು ಬಿಸಿ ಇದೆ ಅನ್ನುವುದನ್ನು ಬರೆದು ಹಾಕಿ. ಯಾವುದು ತರಬೇಕು ಅಂತ ನೋಡಿ ಹೇಳುತ್ತೇನೆ.